ಟ್ಯಾಂಕಿನಲ್ಲಿ ಇಂಧನವಿದ್ದೂ ಎಂಜಿನ್ ನಿಲ್ಲುವುದೇಕೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಹೆಲಿಕಾಪ್ಟರಿನ ಇಂಧನ ವ್ಯವಸ್ಥೆ ಮತ್ತು ಹಾರಾಟದ ಸುರಕ್ಷತೆಯ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಕೇಳಿದ್ದಕ್ಕೆ ಉಡುಪಿ, ಮಂಗಳೂರು ಸುತ್ತಮುತ್ತಲಿನಿಂದ ಹಲವು ಪತ್ರಗಳು ಬಂದಿವೆ. ಹೆಲಿಕಾಪ್ಟರ್ ನಿರ್ವಹಣೆಯ ಕೆಲಸದಲ್ಲಿ ಬಹುಕಾಲ ದುಡಿದು ಈಗ ಉಡುಪಿಯಲ್ಲಿ ನೆಲೆಸಿರುವ ನನಗೆ ಈ ವಿಷಯ ಬಹಳ ಹತ್ತಿರದ್ದು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಸಮುದ್ರದಲ್ಲಿ ನಮ್ಮ ಬೋಟಿನ ಮೇಲೆ ಕೋಸ್ಟ್ ಗಾರ್ಡಿನ ಹೆಲಿಕಾಪ್ಟರ್ ಹಾದುಹೋಗುವುದನ್ನು ಆಗಾಗ ನೋಡುತ್ತೇವೆ. ಸ್ಕಾಟ್ಲೆಂಡಿನಲ್ಲಿ ಒಮ್ಮೆ ಪೊಲೀಸ್ ಹೆಲಿಕಾಪ್ಟರೊಂದು ಟ್ಯಾಂಕಿನಲ್ಲಿ ಇಂಧನ ಇರುವಾಗಲೇ ಎಂಜಿನ್ ನಿಂತು ಬಿದ್ದಿತೆಂದು ನನ್ನ ಮಗ ಹೇಳಿದ. ಇಂಧನ ಇದ್ದ ಮೇಲೆ ಎಂಜಿನ್ ನಿಲ್ಲುವುದು ಹೇಗೆ? (ಬೋಟಿನ ಮಾಲೀಕರೊಬ್ಬರು, ಮಲ್ಪೆ)

ಉತ್ತರ: ನಿಮ್ಮ ಬೋಟಿನಲ್ಲಿ ಆಗುವುದನ್ನೇ ಒಮ್ಮೆ ನೆನಪಿಸಿಕೊಳ್ಳಿ. ಡೀಸೆಲ್ ತಳಮಟ್ಟಕ್ಕೆ ಇಳಿದಿರುವ ಹೊತ್ತಿನಲ್ಲಿ ಅಲೆಯ ಹೊಡೆತಕ್ಕೆ ಬೋಟು ಒಂದು ಮಗ್ಗುಲಿಗೆ ವಾಲಿದರೆ, ಡೀಸೆಲೆಲ್ಲ ಟ್ಯಾಂಕಿನ ಆ ಬದಿಗೆ ಸರಿದು ಪೈಪಿನ ಬಾಯಿ ಬರಿದಾಗುತ್ತದೆ. ಎಂಜಿನ್ ಡೀಸೆಲಿನ ಬದಲು ಗಾಳಿ ಎಳೆಯುತ್ತದೆ, ತಡವರಿಸುತ್ತದೆ, ನಿಲ್ಲುತ್ತದೆ. ಟ್ಯಾಂಕಿಗೆ ಕೋಲು ಇಳಿಸಿ ನೋಡಿದರೆ ಇನ್ನೂ ನಾಲ್ಕು ಬೆರಳು ಡೀಸೆಲ್ ಇರುತ್ತದೆ. ಏರ್ ತೆಗೆದು ಮತ್ತೆ ಚಾಲೂ ಮಾಡುವ ತನಕ ಬೋಟು ನಡೆಸುವ ತಂಡೇಲರಿಗೆ ಆ ಡೀಸೆಲಿನಿಂದ ಯಾವ ಪ್ರಯೋಜನವೂ ಇಲ್ಲ. ಹೆಲಿಕಾಪ್ಟರಿನ ವಿಷಯದಲ್ಲಿಯೂ ಟ್ಯಾಂಕಿನಲ್ಲಿ ಎಷ್ಟಿದೆ ಎಂಬುದಕ್ಕಿಂತ ಎಂಜಿನ್ನಿಗೆ ಎಷ್ಟು ತಲುಪುತ್ತದೆ ಎಂಬುದೇ ಮುಖ್ಯ.

ಹೆಚ್ಚಿನ ಹೆಲಿಕಾಪ್ಟರ್‌ಗಳಲ್ಲಿ ಎಂಜಿನ್ ಮೇಲೆ, ರೋಟರಿನ (ತಲೆಯ ಮೇಲೆ ತಿರುಗುವ ರೆಕ್ಕೆಗಳ) ಪಕ್ಕದಲ್ಲಿ ಇರುತ್ತದೆ. ಟ್ಯಾಂಕು ಕೆಳಗೆ, ಕುಳಿತುಕೊಳ್ಳುವ ಜಾಗದ ನೆಲದಡಿಯಲ್ಲಿ ಇರುತ್ತದೆ. ಆದ್ದರಿಂದ ಇಂಧನವನ್ನು ಮೇಲಕ್ಕೆತ್ತಿ ಕೊಡಬೇಕು. ಮಗ ಹೇಳಿದ ಅಪಘಾತ ನಡೆದದ್ದು 2013ರ ನವೆಂಬರ್ 29ರ ರಾತ್ರಿ, ಗ್ಲಾಸ್ಗೋ ನಗರದಲ್ಲಿ. ಅದು ಯೂರೋಕಾಪ್ಟರ್ ಇಸಿ 135 ಮಾದರಿಯ, ಎರಡು ಎಂಜಿನ್‌ಗಳ ಹೆಲಿಕಾಪ್ಟರ್. ಈ ಮಾದರಿಯಲ್ಲಿ ನೆಲದಡಿಯ ದೊಡ್ಡ ಮುಖ್ಯ ಟ್ಯಾಂಕಿನಿಂದ ಎರಡು ವರ್ಗಾವಣೆ ಪಂಪುಗಳು, ಒಂದು ಮುಂದಿನ ತುದಿಯಿಂದ ಮತ್ತೊಂದು ಹಿಂದಿನ ತುದಿಯಿಂದ, ಇಂಧನವನ್ನು ಒಂದು ಸಣ್ಣ ಪೂರೈಕೆ ಟ್ಯಾಂಕಿಗೆ ತುಂಬುತ್ತಿರುತ್ತವೆ. ಆ ಸಣ್ಣ ಟ್ಯಾಂಕು ಎರಡು ಭಾಗವಾಗಿದ್ದು, ಒಂದೊಂದು ಭಾಗ ಒಂದೊಂದು ಎಂಜಿನ್ನಿಗೆ ಇಂಧನ ಕೊಡುತ್ತದೆ. ಎರಡೂ ಎಂಜಿನ್ ಒಟ್ಟಿಗೆ ನಿಲ್ಲಬಾರದೆಂದು ಆ ಎರಡು ಭಾಗಗಳ ಗಾತ್ರದಲ್ಲಿ ಬೇಕೆಂದೇ ಸ್ವಲ್ಪ ವ್ಯತ್ಯಾಸ ಇಟ್ಟಿದ್ದಾರೆ.

ಎರಡು ಪಂಪು ಇಟ್ಟಿರುವುದಕ್ಕೆ ಕಾರಣ, ನಿಮ್ಮ ಬೋಟು ವಾಲಿದಾಗ ಆಗುವಂಥದ್ದೇ ಇಲ್ಲಿಯೂ ಆಗುವುದು. ಹೆಲಿಕಾಪ್ಟರ್ ಮುಂದಕ್ಕೆ ಹಾರುವಾಗ ಮೂಗು ತುಸು ತಗ್ಗಿರುತ್ತದೆ, ಇಂಧನ ಮುಂದಕ್ಕೆ ಸರಿಯುತ್ತದೆ. ಒಂದೇ ಕಡೆ ನಿಂತು ತೇಲುವಾಗ ಮೂಗು ತುಸು ಮೇಲಿರುತ್ತದೆ, ಇಂಧನ ಹಿಂದಕ್ಕೆ ಹೋಗುತ್ತದೆ. ಮುಖ್ಯ ಟ್ಯಾಂಕು ಅರೆಬರೆಯಾದಾಗ ಯಾವುದೋ ಒಂದು ಪಂಪು ಒಣಗುತ್ತದೆ, ಪೈಲಟ್ ಎದುರು ಎಚ್ಚರಿಕೆಯ ಬರಹ ಮೂಡುತ್ತದೆ, ಪಂಪು ಬರಿದೇ ಓಡಿ ಹಾಳಾಗದಿರಲೆಂದು ಪೈಲಟ್ ಅದನ್ನು ಆಫ್ ಮಾಡುತ್ತಾರೆ. ಹಾರಾಟದ ಭಂಗಿ ಬದಲಾದಾಗ ಮತ್ತೆ ನೆನಪಿನಿಂದ ಆನ್ ಮಾಡಬೇಕು. ಈ 'ಮತ್ತೆ ನೆನಪಿನಿಂದ' ಎಂಬ ಕಡೆಯೇ ನನಗೆ ಇಡೀ ವಿನ್ಯಾಸದ ದುರ್ಬಲ ಜಾಗವಾಗಿ ಕಾಣುತ್ತದೆ.

ಬ್ರಿಟನ್ನಿನ ವಾಯು ಅಪಘಾತ ತನಿಖಾ ಸಂಸ್ಥೆಯ ವರದಿ 2015ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಬಿದ್ದ ಹೆಲಿಕಾಪ್ಟರಿನ ಮುಖ್ಯ ಟ್ಯಾಂಕಿನಲ್ಲಿ 76 ಕಿಲೋ ಇಂಧನ ಉಳಿದಿತ್ತು. ಪೂರೈಕೆ ಟ್ಯಾಂಕಿನ ಎರಡು ಭಾಗಗಳೂ ಹೆಚ್ಚುಕಡಿಮೆ ಬರಿದಾಗಿದ್ದವು. ಎರಡೂ ವರ್ಗಾವಣೆ ಪಂಪುಗಳ ಸ್ವಿಚ್ಚು ಆಫ್ ಆಗಿತ್ತು. ಎಂಜಿನ್ ಚಾಲೂ ಮಾಡುವಾಗ ಮಾತ್ರ ಬೇಕಾಗುವ, ಪೂರೈಕೆ ಟ್ಯಾಂಕಿನಿಂದಲೇ ಎಳೆಯುವ ಬೇರೆ ಎರಡು ಪಂಪುಗಳ ಸ್ವಿಚ್ಚುಗಳು ಆನ್ ಆಗಿದ್ದವು. ಇಂಧನ ಕಡಿಮೆಯೆಂಬ ಎಚ್ಚರಿಕೆ ಆ ಹಾರಾಟದಲ್ಲಿ ಐದು ಬಾರಿ ಬಂದಿತ್ತು, ಪ್ರತಿ ಬಾರಿಯೂ ಅದನ್ನು ಗಮನಿಸಿದ ಗುರುತಾಗಿ ಗುಂಡಿ ಒತ್ತಲಾಗಿತ್ತು. ಆ ಎಚ್ಚರಿಕೆ ಬಂದರೆ 10 ನಿಮಿಷದೊಳಗೆ ಇಳಿಯಬೇಕೆಂಬುದು ಕೈಪಿಡಿಯ ಸೂಚನೆ. ಮೊದಲು ಬಲ ಎಂಜಿನ್, 32 ಸೆಕೆಂಡು ಕಳೆದು ಎಡ ಎಂಜಿನ್ ನಿಂತಿತು. ಹೆಲಿಕಾಪ್ಟರಿನಲ್ಲಿದ್ದ ಮೂವರು ಮತ್ತು ಅದು ಬಿದ್ದ ಕಟ್ಟಡದಲ್ಲಿದ್ದ ಏಳು ಮಂದಿ ಸತ್ತರು. ಅಷ್ಟು ಅನುಭವವಿದ್ದ ಪೈಲಟ್ ಹಾಗೆ ಏಕೆ ನಡೆದುಕೊಂಡರೆಂಬುದನ್ನು ತನಿಖೆಯಿಂದ ತೀರ್ಮಾನಿಸಲಾಗಲಿಲ್ಲ, ಏಕೆಂದರೆ ಆ ಹೆಲಿಕಾಪ್ಟರಿನಲ್ಲಿ ಮಾತು ಅಥವಾ ಹಾರಾಟದ ವಿವರವನ್ನು ದಾಖಲಿಸುವ ಪೆಟ್ಟಿಗೆ ಇರಲಿಲ್ಲ. ಇರಬೇಕೆಂಬ ನಿಯಮವೂ ಆಗ ಇರಲಿಲ್ಲ.

ಎಂಜಿನ್ ನಿಂತ ಮಾತ್ರಕ್ಕೆ ಹೆಲಿಕಾಪ್ಟರ್ ಕಲ್ಲಿನಂತೆ ಬೀಳುವುದಿಲ್ಲ ಎಂಬುದನ್ನೂ ಹೇಳಬೇಕು. ಪೈಲಟ್ ಕೂಡಲೇ ಎಡಗೈಯಲ್ಲಿ ಹಿಡಿದಿರುವ ಸನ್ನೆಕೋಲನ್ನು ಇಳಿಸಿ ರೆಕ್ಕೆಗಳ ಓರೆಯನ್ನು ಕಡಿಮೆ ಮಾಡಿದರೆ, ಕೆಳಗಿನಿಂದ ನುಗ್ಗುವ ಗಾಳಿಯೇ ರೋಟರನ್ನು ತಿರುಗಿಸುತ್ತಿರುತ್ತದೆ, ನೆಲದ ಹತ್ತಿರ ಆ ತಿರುಗುವಿಕೆಯನ್ನೇ ಬಳಸಿ ಮೆಲ್ಲನೆ ಇಳಿಯಬಹುದು. ಆದರೆ ಇದಕ್ಕೆ ಸಿಗುವ ಸಮಯ ಒಂದೆರಡು ಸೆಕೆಂಡು ಮಾತ್ರ. ಕತ್ತಲಲ್ಲಿ, ಊರಿನ ನಡುವೆ, ಕಡಿಮೆ ಎತ್ತರದಲ್ಲಿ ಆ ಒಂದೆರಡು ಸೆಕೆಂಡು ಕೈತಪ್ಪಿದರೆ ರೋಟರಿನ ವೇಗ ಮತ್ತೆ ಸಿಗುವುದಿಲ್ಲ.

ಪ್ರಶ್ನೆ: ಇಂಧನದ ಟ್ಯಾಂಕನ್ನು ಪ್ರಯಾಣಿಕರ ಆಸನದಡಿಯಲ್ಲೇ ಇಡುವುದು ಅಪಾಯವಲ್ಲವೇ? 2010ರಲ್ಲಿ ಬಜ್ಪೆಯ ವಿಮಾನ ದುರಂತದಲ್ಲಿ ಬೆಂಕಿ ಏನು ಮಾಡಿತೆಂಬುದನ್ನು ನಾವೆಲ್ಲ ಬಲ್ಲೆವು. (ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮಣಿಪಾಲ)

ಉತ್ತರ: 2010ರ ಮೇ 22ರಂದು ಬಜ್ಪೆಯಲ್ಲಿ 158 ಮಂದಿ ಸತ್ತು ಎಂಟು ಮಂದಿ ಬದುಕಿದ ಆ ಬೆಳಗ್ಗೆಯನ್ನು ಈ ಜಿಲ್ಲೆಗಳಲ್ಲಿ ಯಾರೂ ಮರೆತಿಲ್ಲ. ಅದು ವಿಮಾನ, ಅದರ ಕಾರಣಗಳು ಬೇರೆ. ಆದರೆ ಅಪಘಾತದ ಪೆಟ್ಟಿನಿಂದ ಪಾರಾದವರು ಬೆಂಕಿಯಿಂದಲೂ ಪಾರಾಗಬೇಕು ಎಂಬ ನಿಮ್ಮ ಪ್ರಶ್ನೆಯ ಹಿಂದಿನ ಕಳಕಳಿ ಹೆಲಿಕಾಪ್ಟರ್ ವಿನ್ಯಾಸದ ಅತಿ ಮುಖ್ಯ ಅಧ್ಯಾಯವೇ ಆಗಿದೆ.

ಟ್ಯಾಂಕು ಅಲ್ಲಿರುವುದಕ್ಕೆ ಸಮತೋಲನ ಕಾರಣ. ಹೆಲಿಕಾಪ್ಟರ್ ರೋಟರಿನ ಕಂಬಕ್ಕೆ ತೂಗುಬಿದ್ದ ತೊಟ್ಟಿಲಿನಂತೆ. ಭಾರದ ಕೇಂದ್ರ ಆ ಕಂಬದ ನೇರಕ್ಕೆ ಹತ್ತಿರದಲ್ಲೇ ಇರಬೇಕು. ಹಾರುತ್ತ ಹೋದಂತೆ ಇಂಧನ ಖರ್ಚಾಗುವುದರಿಂದ, ಟ್ಯಾಂಕು ದೂರ ಇದ್ದರೆ ಗಳಿಗೆ ಗಳಿಗೆಗೂ ಸಮತೋಲನ ಬದಲಾಗುತ್ತದೆ. ರಾಬಿನ್ಸನ್ ಆರ್ 44ರಂಥ ಸಣ್ಣ ಹೆಲಿಕಾಪ್ಟರಿನಲ್ಲಿ ಟ್ಯಾಂಕುಗಳು ಮೇಲೆ, ಕಂಬದ ಅಕ್ಕಪಕ್ಕದಲ್ಲಿ ಇವೆ. ಅದರ ಕಾರ್ಬ್ಯುರೇಟರ್ ಎಂಜಿನ್ನಿಗೆ ಇಂಧನ ತಾನಾಗಿಯೇ ಕೆಳಗಿಳಿಯುತ್ತದೆ, ಪಂಪಿನ ಅವಲಂಬನೆಯೇ ಇಲ್ಲ. ಆದರೆ ಟ್ಯಾಂಕು ಒಡೆದರೆ ಇಂಧನ ಸುರಿಯುವುದು ತಲೆಯ ಮೇಲೆಯೇ. ಹಳೆಯ ಅಲ್ಯೂಮಿನಿಯಂ ಟ್ಯಾಂಕುಗಳ ಒಳಗೆ ಬಾಗುವ ಚೀಲವನ್ನು ಕೂರಿಸಬೇಕೆಂದು ಆ ಕಂಪನಿಯೇ 2010ರಲ್ಲಿ ಸರ್ವಿಸ್ ಬುಲೆಟಿನ್ ಹೊರಡಿಸಿತು. ಬೆಂಕಿಯ ಅಪಘಾತಗಳ ನಂತರ ಆಸ್ಟ್ರೇಲಿಯ 2013ರಲ್ಲಿ ಅದನ್ನು ಕಡ್ಡಾಯ ಮಾಡಿತು.

ಈ ಪಾಠವನ್ನು ಮೊದಲು ಕಲಿತದ್ದು ಅಮೆರಿಕದ ಸೇನೆ, ವಿಯೆಟ್ನಾಂ ಯುದ್ಧದ ಕಾಲದಲ್ಲಿ. ಬಿದ್ದಾಗ ಮೂಳೆಯೂ ಮುರಿಯದ ಸೈನಿಕರು ಬೆಂಕಿಯಲ್ಲಿ ಸಾಯುತ್ತಿದ್ದರು. 1970ರಿಂದ ಹ್ಯೂಯಿ ಹೆಲಿಕಾಪ್ಟರ್‌ಗಳಿಗೆ ಒಡೆಯದ ಇಂಧನ ವ್ಯವಸ್ಥೆಯನ್ನು ಅಳವಡಿಸಿದರು. ಗಟ್ಟಿ ಬಟ್ಟೆ ಮತ್ತು ರಬ್ಬರಿನಿಂದ ಮಾಡಿದ, ಬಾಗಿದರೂ ಹರಿಯದ ಚೀಲದಂಥ ಟ್ಯಾಂಕು. ಎಳೆತ ಬಿದ್ದಲ್ಲಿ ಗೊತ್ತುಮಾಡಿದ ಜಾಗದಲ್ಲೇ ಕಳಚಿಕೊಂಡು ಎರಡೂ ಕಡೆಯ ಬಾಯನ್ನು ತಾನೇ ಮುಚ್ಚಿಕೊಳ್ಳುವ ಪೈಪಿನ ಜೋಡಣೆಗಳು. ಮಗುಚಿದರೂ ಗಾಳಿಕೊಳವೆಯಿಂದ ಇಂಧನ ಸುರಿಯದಂತೆ ತಡೆಯುವ ಕವಾಟಗಳು. ಬದುಕಿ ಉಳಿಯಬಹುದಾದ ಅಪಘಾತಗಳಲ್ಲಿ ಸುಟ್ಟು ಸಾಯುವುದು ಈ ಹೆಲಿಕಾಪ್ಟರ್‌ಗಳಲ್ಲಿ ಬಹುಮಟ್ಟಿಗೆ ನಿಂತೇಹೋಯಿತು. ಮುಂದೆ ಬಂದ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರಿನಲ್ಲಿ ಇನ್ನೊಂದು ಜಾಣತನ ಸೇರಿತು: ಇಂಧನವನ್ನು ಟ್ಯಾಂಕಿನಿಂದ ಒತ್ತಿ ಕಳುಹಿಸುವ ಬದಲು ಎಂಜಿನ್ನಿನ ಬಳಿಯ ಪಂಪು ಅದನ್ನು ಎಳೆದುಕೊಳ್ಳುತ್ತದೆ. ಪೈಪು ಸೀಳಿದರೆ ಇಂಧನ ಹೊರಗೆ ಚಿಮ್ಮುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಸ್ಟ್ರಾದಲ್ಲಿ ತೂತು ಬಿದ್ದರೆ ಎಳನೀರು ಬಾಯಿಗೆ ಬರದೆ ಗಾಳಿ ಬರುವುದನ್ನು ನೀವು ಕಂಡಿರುತ್ತೀರಿ.

ನಾಗರಿಕ ಹೆಲಿಕಾಪ್ಟರ್‌ಗಳಿಗೆ ಅಮೆರಿಕ ಈ ನಿಯಮ ತಂದದ್ದು 1994ರಲ್ಲಿ. ಟ್ಯಾಂಕಿಗೆ ಶೇಕಡ 80ರಷ್ಟು ನೀರು ತುಂಬಿ 50 ಅಡಿ, ಎಂದರೆ ಸುಮಾರು 15 ಮೀಟರ್ ಎತ್ತರದಿಂದ ಬೀಳಿಸಬೇಕು, ಸೋರಬಾರದು. ಆದರೆ ನಿಯಮ ಅನ್ವಯವಾದದ್ದು ಆ ಬಳಿಕ ಹೊಸದಾಗಿ ಮಂಜೂರಾಗುವ ಮಾದರಿಗಳಿಗೆ ಮಾತ್ರ. ಹಳೆಯ ಮಾದರಿಯನ್ನು ಹೊಸದಾಗಿ ತಯಾರಿಸಿ ಮಾರಿದರೂ ಹಳೆಯ ಟ್ಯಾಂಕೇ ಇರಬಹುದಿತ್ತು. 2015ರ ಜುಲೈ 3ರಂದು ಕೊಲೊರಾಡೊ ರಾಜ್ಯದ ಫ್ರಿಸ್ಕೊದಲ್ಲಿ ಏರ್ ಆಂಬುಲೆನ್ಸ್ ಹೆಲಿಕಾಪ್ಟರೊಂದು ಹಾರಿದ ಅರ್ಧ ನಿಮಿಷದಲ್ಲಿ ವಾಹನ ನಿಲುಗಡೆಯ ಜಾಗದಲ್ಲಿ ಬಿತ್ತು. ಸೋರಿದ ಇಂಧನಕ್ಕೆ ಕೂಡಲೇ ಬೆಂಕಿ ಹತ್ತಿತು. ಪೈಲಟ್ ತೀರಿಕೊಂಡರು, ಬದುಕಿ ಉಳಿದ ಇಬ್ಬರು ಶುಶ್ರೂಷಕರಲ್ಲಿ ಒಬ್ಬರ ಮೈ ಶೇಕಡ 90ರಷ್ಟು ಸುಟ್ಟಿತ್ತು. ಆ ಹೆಲಿಕಾಪ್ಟರಿನ ಎಎಸ್ 350 ಮಾದರಿಗೆ ಮಂಜೂರಾತಿ ಸಿಕ್ಕಿದ್ದು 1970ರ ದಶಕದಲ್ಲಿ. ಕೊನೆಗೆ 2018ರ ಕಾಯ್ದೆಯೊಂದರ ಮೂಲಕ, 2020ರ ಏಪ್ರಿಲ್ ನಂತರ ತಯಾರಾಗುವ ಹೆಲಿಕಾಪ್ಟರ್‌ಗಳಿಗೆ, ಮಾದರಿ ಎಷ್ಟೇ ಹಳೆಯದಾದರೂ, ಅಪಘಾತ ತಾಳುವ ಇಂಧನ ವ್ಯವಸ್ಥೆ ಇರಲೇಬೇಕೆಂದು ಅಮೆರಿಕ ಹೇಳಿತು. ಪರಿಹಾರ ಗೊತ್ತಿದ್ದೂ ಐವತ್ತು ವರ್ಷ ಕಾದದ್ದು ನನ್ನ ಮಟ್ಟಿಗೆ ಕ್ಷಮಿಸಲಾಗದ ವಿಳಂಬ. ನೀವು ಓದು ಮುಗಿಸಿ ಈ ಕ್ಷೇತ್ರಕ್ಕೆ ಬಂದರೆ, 'ಹಳೆಯ ಮಾದರಿಗೆ ವಿನಾಯಿತಿ' ಎಂಬ ಸಾಲು ಎಲ್ಲಿ ಕಂಡರೂ ಅಲ್ಲಿ ನಿಂತು ಎರಡನೆಯ ಬಾರಿ ಓದಿ.

ಪ್ರಶ್ನೆ: ಹೆಲಿಕಾಪ್ಟರಿಗೆ ಹಾಕುವುದು ಸೀಮೆ‌ಎಣ್ಣೆಯೇ ಎಂದು ಕೇಳಿದ್ದೇನೆ, ನಿಜವೇ? ನಮ್ಮ ಕಡೆಯ ಮಳೆಗಾಲದ ತೇವದಿಂದ ಅದಕ್ಕೆ ತೊಂದರೆ ಆಗುವುದಿಲ್ಲವೇ? (ನಿವೃತ್ತ ಉದ್ಯೋಗಿ, ಸುರತ್ಕಲ್)

ಉತ್ತರ: ಟರ್ಬೈನ್ ಎಂಜಿನ್ನಿನ ಹೆಲಿಕಾಪ್ಟರಿಗೆ ಹಾಕುವ ಜೆಟ್ ಎ-1 ಸೀಮೆ‌ಎಣ್ಣೆಯ ಕುಲದ್ದೇ, ಆದರೆ ಬಹಳ ಕಟ್ಟುನಿಟ್ಟಾಗಿ ಶುದ್ಧಗೊಳಿಸಿದ್ದು. ಸೊನ್ನೆಗಿಂತ ಕೆಳಗೆ 47 ಡಿಗ್ರಿಯವರೆಗೂ ಅದರಲ್ಲಿ ಹರಳು ಕಟ್ಟಬಾರದು. 38 ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿ ಅದರ ಆವಿಗೆ ಕಿಡಿ ತಾಗಿದರೂ ಹೊತ್ತಬಾರದು. ನಿಮ್ಮ ಊರಿನ ಹತ್ತಿರದ ಎಂಆರ್‌ಪಿಎಲ್ ಶುದ್ಧೀಕರಣಾಗಾರದಲ್ಲಿಯೂ ವಿಮಾನ ಇಂಧನ ತಯಾರಾಗುತ್ತದೆ.

ತೇವದ ಪ್ರಶ್ನೆ ಕೇಳಿದ್ದಕ್ಕೆ ವಿಶೇಷವಾಗಿ ವಂದನೆಗಳು, ಏಕೆಂದರೆ ಕರಾವಳಿಯಲ್ಲಿ ಹೆಲಿಕಾಪ್ಟರ್ ನೋಡಿಕೊಳ್ಳುವವರ ದಿನಚರಿಯೇ ಅದು. ಇಂಧನದಲ್ಲಿ ಕಣ್ಣಿಗೆ ಕಾಣದಷ್ಟು ನೀರು ಯಾವಾಗಲೂ ಕರಗಿರುತ್ತದೆ. ರಾತ್ರಿ ತಣ್ಣಗಾದಾಗ ಅದು ಬೇರ್ಪಟ್ಟು ಹನಿಯಾಗುತ್ತದೆ. ಟ್ಯಾಂಕು ಅರ್ಧ ಖಾಲಿ ಇದ್ದರೆ, ಒಳಗಿನ ತೇವದ ಗಾಳಿಯೂ ಲೋಹದ ಗೋಡೆಗೆ ತಾಗಿ ಬೆವರುತ್ತದೆ. ಆ ನೀರು ಇಂಧನಕ್ಕಿಂತ ಭಾರವಾದ್ದರಿಂದ ಮೆಲ್ಲನೆ ತಳ ಸೇರುತ್ತದೆ, ಮತ್ತು ಪಂಪಿನ ಬಾಯಿ ಇರುವುದೂ ತಳದಲ್ಲಿಯೇ. ಆದ್ದರಿಂದ ದಿನದ ಮೊದಲ ಹಾರಾಟಕ್ಕೆ ಮುಂಚೆ, ಹೆಲಿಕಾಪ್ಟರನ್ನು ಅಲುಗಿಸುವುದಕ್ಕೂ ಮೊದಲು, ಟ್ಯಾಂಕಿನ ತೀರಾ ತಗ್ಗಿನ ಜಾಗದಲ್ಲಿರುವ ಸಣ್ಣ ಕವಾಟವನ್ನು ಒತ್ತಿ ಗಾಜಿನ ಜಾಡಿಗೆ ಸ್ವಲ್ಪ ಇಂಧನ ಇಳಿಸುತ್ತಾರೆ. ಜಾಡಿಯನ್ನು ಗಿರ್ರನೆ ಸುತ್ತಿಸಿ ಬೆಳಕಿಗೆ ಹಿಡಿಯಬೇಕು. ನೀರಿದ್ದರೆ ನಡುವೆ ತಳದಲ್ಲಿ ಗುಳ್ಳೆಯಂತೆ ಕೂಡುತ್ತದೆ. ಕಣ್ಣಿಗೆ ಕಾಣದ್ದನ್ನು ಹಿಡಿಯಲು ಸಿರಿಂಜಿನ ತುದಿಗೆ ಹಳದಿ ಕಾಗದದ ಪುಟ್ಟ ಬಿಲ್ಲೆಯೊಂದನ್ನು ಸಿಕ್ಕಿಸಿ 5 ಮಿಲಿಲೀಟರ್ ಎಳೆಯುತ್ತಾರೆ. ಹಳದಿ ಹಸಿರಿಗೆ ತಿರುಗಿದರೆ ಆ ಇಂಧನವನ್ನು ಬಳಸುವಂತಿಲ್ಲ.

ನಾನು ದುಡಿಯುತ್ತಿದ್ದ ಒಂದು ಕಡೆ, ಮಳೆಗಾಲದಲ್ಲಿ, ಬ್ಯಾರೆಲ್‌ಗಳಲ್ಲಿ ಇಂಧನ ತರಿಸಿ ಬಯಲಲ್ಲಿ ಇಟ್ಟಿದ್ದರು. ಬ್ಯಾರೆಲ್ಲುಗಳನ್ನು ಅಡ್ಡಲಾಗಿ ಮಲಗಿಸಿ, ಎರಡು ಬಿರಡೆಗಳೂ ಗಡಿಯಾರದ ಮೂರು ಮತ್ತು ಒಂಬತ್ತರ ಜಾಗಕ್ಕೆ, ಎಂದರೆ ಇಂಧನದ ಮಟ್ಟಕ್ಕಿಂತ ಕೆಳಗೆ ಬರುವಂತೆ ಇಡಬೇಕೆಂಬುದು ಕ್ರಮ. ಹೊಸ ಹುಡುಗರು ಜಾಗ ಸಾಲದೆಂದು ನಾಲ್ಕನ್ನು ನೇರವಾಗಿ ನಿಲ್ಲಿಸಿದ್ದರು. ಮೇಲ್ಭಾಗದ ಅಂಚಿನೊಳಗೆ ಬೆರಳುಗಾತ್ರದ ಮಳೆನೀರು ನಿಂತಿತ್ತು. ಹಗಲಿನ ಬಿಸಿಗೆ ಬ್ಯಾರೆಲ್ ಗಾಳಿ ಹೊರಬಿಟ್ಟು, ರಾತ್ರಿಯ ತಂಪಿಗೆ ಒಳಗೆಳೆಯುವಾಗ ಬಿಗಿಯಾಗಿ ತಿರುಗಿಸಿದ ಬಿರಡೆಯ ಸುತ್ತಿನಿಂದಲೂ ಆ ನೀರನ್ನು ಹೀರಿಕೊಂಡಿತ್ತು. ಬೆಳಗ್ಗೆ ಜಾಡಿಯ ತಳದಲ್ಲಿ ಒಂದಂಗುಲ ನೀರು, ಅದರ ಮೇಲೆ ತಿಳಿಬಣ್ಣದ ಇಂಧನ, ನಡುವೆ ಗೆರೆ ಎಳೆದಂತೆ ಸ್ಪಷ್ಟ. ಆ ದಿನದ ಹಾರಾಟ ಮಧ್ಯಾಹ್ನಕ್ಕೆ ಹೋಯಿತು, ಬೈಗುಳ ಬಹಳ ಸಿಕ್ಕಿತು. ಆದರೆ ಆ ಜಾಡಿಯನ್ನು ಬೆಳಕಿಗೆ ಹಿಡಿಯದಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದರೆ ಇಂದಿಗೂ ಮೈ ತಣ್ಣಗಾಗುತ್ತದೆ.

ನೀರಿನ ಜೊತೆಗೆ ಬರುವ ಇನ್ನೊಂದು ಕಾಟ ಬೂಷ್ಟು. ಹಾರ್ಮೊಕೋನಿಸ್ ರೆಸಿನೆ ಎಂಬ ಶಿಲೀಂಧ್ರ ನೀರು ಮತ್ತು ಇಂಧನ ಸೇರುವ ಗಡಿಯಲ್ಲಿ ಬದುಕುತ್ತದೆ. ಇಂಧನವೇ ಅದರ ಆಹಾರ. ನಮ್ಮ ಸೆಖೆ ಅದಕ್ಕೆ ಹಿತ. ಕಂದು ಬಣ್ಣದ ಲೋಳೆ ಫಿಲ್ಟರನ್ನು ಕಟ್ಟುತ್ತದೆ, ಅದು ಉಗುಳುವ ಆಮ್ಲ ಅಲ್ಯೂಮಿನಿಯಮನ್ನು ತಿನ್ನುತ್ತದೆ, ಇಂಧನದ ಮಟ್ಟ ಅಳೆಯುವ ಕಡ್ಡಿಗಳಿಗೆ ಮೆತ್ತಿಕೊಂಡರೆ ಮೀಟರ್ ಸುಳ್ಳು ಹೇಳುತ್ತದೆ. ಮಲ್ಪೆಯಲ್ಲಿ ಜೂನ್ 1ರಿಂದ ಜುಲೈ 31ರ ತನಕದ ರಜೆ ಮುಗಿಸಿ ಬೋಟು ನೀರಿಗಿಳಿಸುವ ಮುನ್ನ ಮೆಕ್ಯಾನಿಕ್‌ಗಳು ಡೀಸೆಲ್ ಟ್ಯಾಂಕಿನ ತಳ ಬಸಿಯುವುದೂ ಇದೇ ಭಯಕ್ಕೆ. ನೀರು ನಿಲ್ಲಲು ಬಿಡದಿರುವುದೇ ಮೊದಲ ಮದ್ದು. ಹಿಡಿದ ಮೇಲೆ ಶಿಲೀಂಧ್ರನಾಶಕ ಹಾಕಿ, ಟ್ಯಾಂಕನ್ನು ಬಿಚ್ಚಿ ತೊಳೆಯಬೇಕಾಗುತ್ತದೆ.

ಪ್ರಶ್ನೆ: ಇಂಧನವನ್ನು ಲೀಟರಿನಲ್ಲಿ ಹೇಳದೆ ಕಿಲೋದಲ್ಲಿ ಏಕೆ ಹೇಳುತ್ತಾರೆ? ಪ್ರತಿ ಬಾರಿಯೂ ಟ್ಯಾಂಕು ತುಂಬಿಸಿಕೊಂಡು ಹೋದರೆ ಸುರಕ್ಷಿತವಲ್ಲವೇ? (ಶಿಕ್ಷಕರು, ಕಾರ್ಕಳ)

ಉತ್ತರ: ಬಿಸಿಲಿಗೆ ಇಂಧನ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ, 30 ಡಿಗ್ರಿ ವ್ಯತ್ಯಾಸಕ್ಕೆ ಗಾತ್ರ ಸುಮಾರು ಶೇಕಡ 3ರಷ್ಟು ಬದಲಾಗುತ್ತದೆ. ಜೆಟ್ ಎ-1ರ 100 ಲೀಟರ್ 15 ಡಿಗ್ರಿಯಲ್ಲಿ 77.5ರಿಂದ 84 ಕಿಲೋವರೆಗೆ ತೂಗಬಹುದು. ಎಂಜಿನ್ನಿಗೆ ಸಿಗುವ ಶಕ್ತಿ ತೂಕವನ್ನು ಅನುಸರಿಸುತ್ತದೆ, ಹೆಲಿಕಾಪ್ಟರ್ ಎತ್ತಬೇಕಾದದ್ದೂ ತೂಕವನ್ನೇ. ಆದ್ದರಿಂದ ಕಿಲೋ.

ಯಾವಾಗಲೂ ತುಂಬಿಸಿಕೊಂಡು ಹೋಗಲಾಗದಿರುವುದೂ ತೂಕದಿಂದಲೇ. ಮೇ ತಿಂಗಳ ಸೆಖೆಯ ತೆಳು ಗಾಳಿಯಲ್ಲಿ ರೋಟರಿಗೂ ಎಂಜಿನ್ನಿಗೂ ಬಲ ಕಡಿಮೆ. ತುಂಬಿದ ಟ್ಯಾಂಕಿನೊಂದಿಗೆ ಎಲ್ಲ ಆಸನವೂ ತುಂಬಿದರೆ ಎರಡು ಎಂಜಿನ್ನಿನಲ್ಲಿ ಒಂದು ನಿಂತಾಗ ಇನ್ನೊಂದು ತಾಳಿಕೊಳ್ಳದಿರಬಹುದು. ಹಗಲಿನಲ್ಲಿ ಹೊರಗಿನದನ್ನು ಕಣ್ಣಾರೆ ನೋಡಿಕೊಂಡು ನಡೆಸುವ ಹಾರಾಟಕ್ಕೆ ಅಂತಾರಾಷ್ಟ್ರೀಯ ನಿಯಮ ಹೇಳುವುದು ಇಷ್ಟು: ಇಳಿಯುವ ಜಾಗ ತಲುಪುವಷ್ಟು, ಅದರ ಮೇಲೆ ಇನ್ನೂ 20 ನಿಮಿಷ ಹಾರುವಷ್ಟು ಮೀಸಲು, ಅನಿರೀಕ್ಷಿತಕ್ಕೆಂದು ಇನ್ನಷ್ಟು. ಈ 20 ನಿಮಿಷ ಲೆಕ್ಕದ ಹಾಳೆಯಲ್ಲಿ ಉದಾರವಾಗಿ ಕಾಣುತ್ತದೆ. ಆಷಾಢದ ಮಳೆ ಪಶ್ಚಿಮದಿಂದ ಗೋಡೆಯಂತೆ ಬಂದು ಇಳಿಯುವ ಜಾಗವನ್ನೇ ಮುಚ್ಚಿದ ದಿನ ಅದು ಎಷ್ಟು ಬೇಗ ಕರಗುತ್ತದೆಂದು ಕರಾವಳಿಯಲ್ಲಿ ಹಾರಿದ ಪೈಲಟ್‌ಗಳಿಗೆ ಗೊತ್ತು. ನಿಯಮದ ಮೀಸಲನ್ನು ಕನಿಷ್ಠವೆಂದು ತಿಳಿದು, ಹವೆ ನೋಡಿ ಅದರ ಮೇಲೆ ಸೇರಿಸುವವರನ್ನೇ ನಾನು ಒಳ್ಳೆಯ ಪೈಲಟ್ ಎನ್ನುತ್ತೇನೆ.

ಪ್ರಶ್ನೆ: ಆದಿ ಉಡುಪಿಯ ಹೆಲಿಪ್ಯಾಡಿನಿಂದ ಸಣ್ಣ ಹಾರಾಟದ ಅವಕಾಶ ಬಂದರೆ ಮಕ್ಕಳನ್ನು ಕರೆದುಕೊಂಡು ಹೋಗುವ ಆಸೆಯಿದೆ. ಪ್ರಯಾಣಿಕರಾಗಿ ನಾವು ಗಮನಿಸಬೇಕಾದದ್ದು ಏನಾದರೂ ಇದೆಯೇ? (ಗೃಹಿಣಿ, ಬ್ರಹ್ಮಾವರ)

ಉತ್ತರ: ಧಾರಾಳವಾಗಿ ಕರೆದುಕೊಂಡು ಹೋಗಿ. ಬಾಲದ ಕಡೆಯಿಂದ ಎಂದಿಗೂ ಹತ್ತಿರ ಹೋಗಬೇಡಿ, ಸಿಬ್ಬಂದಿ ಕೈತೋರಿಸಿದ ದಾರಿಯಲ್ಲಿಯೇ ನಡೆಯಿರಿ, ಮಕ್ಕಳ ಕೈ ಬಿಡಬೇಡಿ. ಇಂಧನ ತುಂಬಿಸುವಾಗ ಹತ್ತಿರ ನಿಲ್ಲಬೇಡಿ. ಹರಿಯುವ ಇಂಧನದಿಂದಲೇ ಸ್ಥಿರ ವಿದ್ಯುತ್ ಹುಟ್ಟುವುದರಿಂದ ಟ್ಯಾಂಕರಿಗೂ ಹೆಲಿಕಾಪ್ಟರಿಗೂ ತಂತಿ ಜೋಡಿಸಿಯೇ ಕೊಳವೆ ಹಚ್ಚುತ್ತಾರೆ. ಆಸನದಡಿಯಲ್ಲಿ ಚೀಲ ತುರುಕಬೇಡಿ. ಹಲವು ಹೆಲಿಕಾಪ್ಟರ್‌ಗಳಲ್ಲಿ ಗಟ್ಟಿಯಾಗಿ ನೆಲಕ್ಕೆ ಬಡಿದಾಗ ಆಸನವೇ ಕುಸಿದು ಬೆನ್ನುಮೂಳೆಯ ಪೆಟ್ಟನ್ನು ತಾನು ತೆಗೆದುಕೊಳ್ಳುವಂತೆ ಮಾಡಿರುತ್ತಾರೆ, ಅದಕ್ಕೆ ಕೆಳಗೆ ಜಾಗ ಬೇಕು. ಒಳಗೆ ಕುಳಿತ ಮೇಲೆ ಸೀಮೆ‌ಎಣ್ಣೆಯ ವಾಸನೆ ಬಿಡದೆ ಬರುತ್ತಿದ್ದರೆ ಸಂಕೋಚ ಪಡದೆ ಪೈಲಟ್‌ಗೆ ಹೇಳಿ.

ಇನ್ನೊಂದನ್ನು ಹೇಳಲೇಬೇಕು. ಟಿಕೆಟ್ ಮೇಜಿನಲ್ಲಿ ತೂಕ ಕೇಳುತ್ತಾರೆ. ನಾಚಿಕೆಯಿಂದ ಐದು ಕಿಲೋ, ಹತ್ತು ಕಿಲೋ ಕಡಿಮೆ ಹೇಳುವವರನ್ನು ನಾನು ಬಹಳ ನೋಡಿದ್ದೇನೆ. ಐದು ಜನ ಹಾಗೆ ಹೇಳಿದರೆ ಪೈಲಟ್‌ನ ಲೆಕ್ಕದಲ್ಲಿ ಐವತ್ತು ಕಿಲೋವರೆಗೆ ತಪ್ಪುತ್ತದೆ, ಮತ್ತು ಎಷ್ಟು ಇಂಧನ ಹಾಕಬಹುದೆಂಬುದನ್ನು ಅವರು ತೀರ್ಮಾನಿಸುವುದು ಆ ಲೆಕ್ಕದಿಂದಲೇ. ತಕ್ಕಡಿ ಇದ್ದರೆ ಕೈಚೀಲ, ನೀರಿನ ಬಾಟಲಿ, ಮಗುವಿನ ಬ್ಯಾಗು ಎಲ್ಲವನ್ನೂ ಹಿಡಿದುಕೊಂಡೇ ಹತ್ತಿ ನಿಲ್ಲಿ.